ಬೆಳಕಿಂಡಿ ಇರುವ ರೈಲ್ವೆ ಸ್ಟೇಷನ್

ಹೊಳಲಿಗೆ ರೈಲಿಲ್ಲ. ತುಂಗಭದ್ರೆ ದಾಟಿ ಪಶ್ಚಿಮಕ್ಕೆ ಹೋದರೆ ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಹಳಿ ಸಿಗುತ್ತದೆ. ಪೂರ್ವಕ್ಕೆ ಹೋದರೆ ಹರಪನಹಳ್ಳಿ, ಕೊಟ್ಟೂರು. ಎರಡು ಹಳಿಗಳ ನಡುವೆ ಹೂವಿನಹಡಗಲಿಯ ಸೀಮೆ ಮಲ್ಲಿಗೆ ಬೆಳೆದುಕೊಂಡು, ಮೆಕ್ಕೆಜೋಳ ಒಣಗಿಸಿಕೊಂಡು, ಬಸ್ಸಿಗೆ ಕಾಯುತ್ತ ಕೂತಿದೆ. ಅದಕ್ಕೇ ಇರಬೇಕು, ಇಲ್ಲಿನ ಮಕ್ಕಳಿಗೆ ರೈಲೆಂದರೆ ಜೀವ.

ಮೊನ್ನೆ ಈ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಬಗ್ಗೆ ನಾಲ್ಕು ಮಾತಾಡಿ ಎಂದು ಕರೆದಿದ್ದರು. ನನ್ನ ಮಾತು ಇನ್ನೂ ಶುರುವಾಗಿರಲಿಲ್ಲ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ.

"ಸರ್, ಬುಲೆಟ್ ಟ್ರೇನು ನಮ್ಮೂರಾಗ ನಿಂದ್ರತೈತೇನ್ರಿ?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಸಿದ್ಧ ಮಾಡಿಕೊಂಡು ಹೋಗಿದ್ದ ಚೀಟಿಯನ್ನು ಜೇಬಿಗೆ ಹಾಕಿದೆ. ಆ ಹುಡುಗ ಕೇಳಿದ್ದರಲ್ಲಿ 'ಬುಲೆಟ್' ಅಷ್ಟು ಮುಖ್ಯವಲ್ಲ, 'ನಿಂದ್ರತೈತೇನ್ರಿ' ಮುಖ್ಯ. ವೇಗವಾಗಿ ಓಡುವುದು ಒಂದು ಕಷ್ಟವಾದರೆ, ಓಡುತ್ತಿರುವುದು ನಿಲ್ಲುವುದು ಅದಕ್ಕಿಂತ ದೊಡ್ಡ ಕಷ್ಟ. ಸ್ಟೇಷನ್ ಎಂದರೆ ನಿಲ್ಲುವ ಜಾಗ ತಾನೇ?

ಕೊಟ್ಟೂರು ಗುರುಬಸವೇಶ್ವರನ ತೇರನ್ನು ನೀವು ನೋಡಿರುತ್ತೀರಿ. ಎಳೆಯಲು ಊರೇ ಹಗ್ಗ ಹಿಡಿಯುತ್ತದೆ. ಆದರೆ ತೇರು ಒಮ್ಮೆ ಹೊರಟ ಮೇಲೆ ಎಲ್ಲರ ಕಣ್ಣು ಇರುವುದು ಗಾಲಿಯ ಪಕ್ಕದಲ್ಲಿ ಸನ್ನೆ ಹಿಡಿದು ಓಡುವವರ ಮೇಲೆ. ಸರಿಯಾದ ಹೊತ್ತಿಗೆ ಗಾಲಿಯ ಕೆಳಗೆ ಆ ಮರದ ತುಂಡು ಬೀಳಬೇಕು. ಬಿದ್ದಾಗ ಕಿರ್ರೆಂದು ಸದ್ದಾಗುತ್ತದೆ, ಮರ ಉಜ್ಜಿ ಬಿಸಿಯಾಗುತ್ತದೆ. ಅಷ್ಟೂ ಜನ ಬೆವರು ಸುರಿಸಿ ತೇರಿಗೆ ತುಂಬಿದ ಶಕ್ತಿ ಆ ಸದ್ದಾಗಿ, ಬಿಸಿಯಾಗಿ ಗಾಳಿಗೆ ಹೋಯಿತು. ಮತ್ತೆ ಹೊರಡಬೇಕೆಂದರೆ ಮತ್ತೆ ಮೊದಲಿನಿಂದ ಎಳೆಯಬೇಕು.

ಈಗ ಲೆಕ್ಕ. ಮುಂಬೈಯಿಂದ ಅಹಮದಾಬಾದಿಗೆ ಕಟ್ಟುತ್ತಿರುವ ದಾರಿಯಲ್ಲಿ ರೈಲು ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ಓಡಬೇಕೆಂದು ಯೋಜನೆ. ಅಂದರೆ ಒಂದು ಸೆಕೆಂಡಿಗೆ ಸುಮಾರು 89 ಮೀಟರ್. ನೀವು 'ಒಂದು' ಎಂದು ಬಾಯಿಬಿಡುವಷ್ಟರಲ್ಲಿ ಶಾಲೆಯ ಆಟದ ಬಯಲು ದಾಟಿರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 80 ಕಿಲೋಮೀಟರ್ ವೇಗದ ಪ್ಯಾಸೆಂಜರ್ ರೈಲಿನಲ್ಲಿ ಇರುವುದಕ್ಕಿಂತ, ಅಷ್ಟೇ ತೂಕದ ಈ ರೈಲಿನಲ್ಲಿ ಹದಿನಾರು ಪಟ್ಟು ಶಕ್ತಿ ತುಂಬಿರುತ್ತದೆ. ರೈಲಿನ ತೂಕ 450 ಟನ್ ಎಂದು ಇಟ್ಟುಕೊಳ್ಳಿ. ಅದರ ಓಟದಲ್ಲಿ ಅಡಗಿರುವ ಶಕ್ತಿ ಹತ್ತಿರ ಹತ್ತಿರ 500 ಯೂನಿಟ್ ಕರೆಂಟಿಗೆ ಸಮ. ತಿಂಗಳಿಗೆ 50 ಯೂನಿಟ್ ಸುಡುವ ಮನೆಗೆ ಅದು ಹತ್ತು ತಿಂಗಳಿಗೆ ಸಾಕು. ಒಂದೇ ಒಂದು ಸಲ ನಿಂತಿದ್ದಕ್ಕೆ!

ಇನ್ನೊಂದು ಬಗೆಯಲ್ಲಿ ನೋಡಿ. ಆ ವೇಗದ ರೈಲಿಗೆ ಬ್ರೇಕ್ ಹಾಕದೆ, ಮೋಟಾರು ಆರಿಸಿ, ಒಂದು ಗುಡ್ಡ ಹತ್ತಲು ಬಿಟ್ಟರೆ ಎಷ್ಟು ಎತ್ತರಕ್ಕೆ ಹತ್ತಿ ನಿಂತೀತು? ಗಾಳಿಯ ತಡೆ, ಹಳಿಯ ತಿಕ್ಕಾಟ ಮರೆತರೆ ಸುಮಾರು 400 ಮೀಟರ್. ಮೆಟ್ರೋ ಕಟ್ಟುವವರು ಈ ಉಪಾಯವನ್ನು ಚಿಕ್ಕದಾಗಿ ನಿಜವಾಗಿಯೂ ಬಳಸುತ್ತಾರೆ. ಸ್ಟೇಷನ್ನನ್ನು ದಾರಿಯ ಉಳಿದ ಹಳಿಗಿಂತ ಒಂದೆರಡು ಆಳು ಎತ್ತರಕ್ಕೆ ಇಡುತ್ತಾರೆ. ಬರುವ ರೈಲು ಏರು ಹತ್ತಿ ತಾನೇ ನಿಧಾನವಾಗುತ್ತದೆ, ಹೊರಡುವಾಗ ಇಳಿಜಾರು ಸಿಕ್ಕಿ ತಾನೇ ವೇಗ ಹಿಡಿಯುತ್ತದೆ. ಬುಲೆಟ್ ರೈಲಿಗೆ ಈ ಉಪಾಯ ಸಾಲದು. 400 ಮೀಟರ್ ಎತ್ತರದ ಪ್ಲಾಟ್‌ಫಾರ್ಮ್ ಹತ್ತಲು ನಮಗೇ ಇನ್ನೊಂದು ರೈಲು ಬೇಕಾದೀತು.

ಹಾಗಾದರೆ ಆ 500 ಯೂನಿಟ್ ಬಿಸಿಯಾಗಿ ಹಾಳಾಗಲೇಬೇಕೇ? ಬೇಕಿಲ್ಲ. ಅಜ್ಜನ ಕಾಲದ ಸೈಕಲ್ಲಿನಲ್ಲಿ ಡೈನಮೋ ಇರುತ್ತಿತ್ತು. ಅದನ್ನು ಟೈರಿಗೆ ತಾಗಿಸಿದ ಕೂಡಲೇ ದೀಪ ಹೊತ್ತಿಕೊಳ್ಳುತ್ತಿತ್ತು, ಪೆಡಲು ಭಾರವಾಗುತ್ತಿತ್ತು. ದೀಪಕ್ಕೆ ಹೋದ ಶಕ್ತಿ ನಿಮ್ಮ ಕಾಲಿನಿಂದಲೇ ಬಂದದ್ದು. ಪೆಡಲು ತುಳಿಯುವುದು ಬಿಟ್ಟು ಡೈನಮೋ ಹಾಕಿದರೆ ಸೈಕಲ್ಲು ಬೇಗ ನಿಲ್ಲುತ್ತದೆ. ಅಂದರೆ ಡೈನಮೋ ಕೂಡ ಒಂದು ಬ್ರೇಕೇ. ಇಂದಿನ ವಿದ್ಯುತ್ ರೈಲು ಇದನ್ನೇ ಮಾಡುತ್ತದೆ. ಓಡುವಾಗ ಮೋಟಾರು, ನಿಲ್ಲುವಾಗ ಅದೇ ಮೋಟಾರು ಡೈನಮೋ. ಹುಟ್ಟಿದ ಕರೆಂಟು ಮೇಲಿನ ತಂತಿಗೆ ವಾಪಸ್ ಹೋಗುತ್ತದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ರೈಲು ಹೊರಡುತ್ತಿದ್ದರೆ ಅದು ಇದರ ಕರೆಂಟನ್ನು ಕುಡಿದು ವೇಗ ಹಿಡಿಯುತ್ತದೆ. ಯಾರೂ ಹೊರಡುತ್ತಿಲ್ಲವಾದರೆ ಬ್ಯಾಟರಿಗೆ ತುಂಬಿಡಬೇಕು, ಇಲ್ಲವೇ ಊರಿನ ಗ್ರಿಡ್ಡಿಗೆ ಕೊಡಬೇಕು. ಪೂರ್ತಿ 500 ಯೂನಿಟ್ಟೂ ಕೈಗೆ ಬರುವುದಿಲ್ಲ, ದಾರಿಯಲ್ಲಿ ಒಂದಿಷ್ಟು ಸೋರುತ್ತದೆ. ಆದರೂ ಲಾಭವೇ. ನನ್ನ ಕಣ್ಣಿಗೆ ಸ್ಟೇಷನ್ ವಿನ್ಯಾಸದ ಮೊದಲ ಗೆರೆ ಇದು: ರೈಲು ತಂದು ಸುರಿಯುವ ಶಕ್ತಿಯನ್ನು ಹಿಡಿದುಕೊಳ್ಳುವ ಪಾತ್ರೆ ಎಲ್ಲಿ? ಗೋಡೆ, ಬಣ್ಣ, ಗಾಜು ಆಮೇಲೆ.

"ಹಂಗಾರ ನಮ್ಮೂರಾಗ ನಿಲ್ಲಂಗಿಲ್ಲೇನ್ರಿ?" ಹುಡುಗ ಬಿಡಲಿಲ್ಲ.

ಪ್ರಯಾಣಿಕರ ಹೊಟ್ಟೆಯಲ್ಲಿರುವುದು ಕುಲುಕದಂತೆ ಮೆಲ್ಲಗೆ ಬ್ರೇಕ್ ಹಿಡಿದರೆ 320ರ ವೇಗದಿಂದ ನಿಲ್ಲಲು ಸುಮಾರು ಎಂಟು ಕಿಲೋಮೀಟರ್ ಬೇಕು, ಮತ್ತೆ ಆ ವೇಗಕ್ಕೆ ಏರಲು ಇನ್ನಷ್ಟು. ಊರೂರಿಗೆ ನಿಂತರೆ ಅದು ಬುಲೆಟ್ ರೈಲಲ್ಲ, ಬಹಳ ದುಬಾರಿಯಾದ ಕೆಂಪು ಬಸ್ಸು. ಮುಂಬೈ–ಅಹಮದಾಬಾದ್ ನಡುವಿನ 508 ಕಿಲೋಮೀಟರಿಗೆ 12 ಸ್ಟೇಷನ್. ಸರಾಸರಿ 46 ಕಿಲೋಮೀಟರಿಗೊಂದು. ಚೆನ್ನೈ–ಬೆಂಗಳೂರು–ಮೈಸೂರು ನಡುವೆ ಇಂಥದೇ ದಾರಿ ಹಾಕಬೇಕೆಂಬ ಯೋಜನೆಯಿದೆ, ಉದ್ದ ಸುಮಾರು 435 ಕಿಲೋಮೀಟರ್. ನಮ್ಮ ಸೀಮೆಯ ಹೆಸರು ಅದರಲ್ಲಿಲ್ಲ. ಇದನ್ನು ಹೇಳಿದಾಗ ತರಗತಿ ಸಪ್ಪಗಾಯಿತು.

ಸಪ್ಪಗಾದವರಿಗೆ ಫ್ರಾನ್ಸಿನ ಕತೆ ಹೇಳಿದೆ. ಅಲ್ಲಿ 1994ರಲ್ಲಿ ಎರಡು ಪಟ್ಟಣಗಳ ನಡುವಿನ ಹೊಲದಲ್ಲಿ, ಎರಡೂ ಊರಿಗೆ ದೂರವಾಗುವಂತೆ, ವೇಗದ ರೈಲಿಗೊಂದು ಸ್ಟೇಷನ್ ಕಟ್ಟಿದರು. ಹೆಸರು ಓತ್-ಪಿಕಾರ್ದಿ. ಊರಿನ ಹಳೆಯ ರೈಲುಹಳಿಗೂ ಅದಕ್ಕೂ ಸಂಬಂಧವಿಲ್ಲ, ಸುತ್ತ ಬರೀ ಬೀಟ್ ಗಡ್ಡೆಯ ಹೊಲ. ಜನ ಅದಕ್ಕೆ 'ಬೀಟ್ ಗಡ್ಡೆ ಸ್ಟೇಷನ್' ಎಂದೇ ಹೆಸರಿಟ್ಟರು. ಕಟ್ಟಡಕ್ಕೆ ಎಷ್ಟು ಸೌರ ಫಲಕ ಹೊದಿಸಿದರೂ, ಪ್ರತಿಯೊಬ್ಬರೂ ನಲವತ್ತು ಕಿಲೋಮೀಟರ್ ಕಾರು ಓಡಿಸಿಕೊಂಡು ಬರಬೇಕಾದರೆ ಉಳಿಸಿದ್ದೆಲ್ಲ ಕಾರಿನ ಹೊಗೆಯಲ್ಲಿ ಹೋಯಿತು. ಸ್ಟೇಷನ್ ಹೊಳಲಿನಲ್ಲೇ ಇರಬೇಕಿಲ್ಲ, ಹೊಳಲಿನ ಬಸ್ಸು ಅದರ ಬಾಗಿಲಿಗೇ ಹೋಗಿ ನಿಲ್ಲಬೇಕು. ಇಲ್ಲದಿದ್ದರೆ ನಮ್ಮದೂ ಮೆಕ್ಕೆಜೋಳದ ಸ್ಟೇಷನ್ನೇ.

ಸರಿ, ಎಲ್ಲೋ ಒಂದು ಕಡೆ ಕಟ್ಟುತ್ತೇವೆ ಎಂದುಕೊಳ್ಳೋಣ. ಹೇಗೆ ಕಟ್ಟುವುದು? ಇಲ್ಲಿ ನನಗೆ ಹೊರದೇಶದ ಪುಸ್ತಕಕ್ಕಿಂತ ನಿಮ್ಮ ಅಜ್ಜಿಯ ಮನೆಯೇ ಹೆಚ್ಚು ನೆರವಿಗೆ ಬಂತು.

ನಮ್ಮ ಕಡೆ ಹಳೆಯ ಮಾಳಿಗೆ ಮನೆಗಳಿವೆಯಲ್ಲ, ದಪ್ಪ ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮೊಣಕೈ ಉದ್ದದಷ್ಟು ಸವಳು ಮಣ್ಣು. ಬೇಸಿಗೆಯ ಮಧ್ಯಾಹ್ನ ಹೊರಗೆ ಬೆಂಕಿ, ಒಳಗೆ ಹೊಕ್ಕರೆ ತಂಪು. ಮಣ್ಣು ತಣ್ಣಗಿರುತ್ತದೆ ಎಂದು ಜನ ಹೇಳುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಮಣ್ಣು ಸೋಮಾರಿ. ಮೇಲೆ ಬಿದ್ದ ಬಿಸಿಲನ್ನು ಕೆಳಗೆ ದಾಟಿಸಲು ಅದಕ್ಕೆ ಗಂಟೆಗಟ್ಟಲೆ ಬೇಕು. ಮಧ್ಯಾಹ್ನದ ಬಿಸಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಆಗ ನೀವು ಹೇಗೂ ಮೇಲೆ ಮಲಗಿರುತ್ತೀರಿ. ತಗಡಿನ ಶೀಟಿಗೆ ಈ ಸೋಮಾರಿತನ ಇಲ್ಲ, ಕೊಟ್ಟಿದ್ದನ್ನು ಅಲ್ಲೇ ಕೆಳಗೆ ಇಳಿಸಿಬಿಡುತ್ತದೆ.

ಆ ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಅಡುಗೆಮನೆಯ ಕತ್ತಲಲ್ಲಿ ಅದರಿಂದ ಬಿಸಿಲಿನ ಕೋಲೊಂದು ಇಳಿದು, ಅದರೊಳಗೆ ಹೊಗೆ ಸುರುಳಿ ಸುತ್ತುತ್ತ ಮೇಲೇರುವುದನ್ನು ನೋಡಿದ್ದೀರಾ? ನೋಡದಿದ್ದರೆ ಈ ಭಾನುವಾರ ಯಾರ ಮನೆಯಲ್ಲಾದರೂ ನೋಡಿ ಬನ್ನಿ. ಬಿಸಿ ಗಾಳಿ ಹಗುರ, ಅದು ಮೇಲೇರಿ ಕಿಂಡಿಯಿಂದ ಹೊರಗೆ ಹೋಗುತ್ತದೆ. ಅದು ಬಿಟ್ಟ ಜಾಗಕ್ಕೆ ಬಾಗಿಲ ಕೆಳಗಿನಿಂದ ತಂಪು ಗಾಳಿ ನುಗ್ಗುತ್ತದೆ. ಫ್ಯಾನಿಲ್ಲ, ಸ್ವಿಚ್ಚಿಲ್ಲ. ಒಂದೇ ತೂತು ದೀಪವೂ ಹೌದು, ಹೊಗೆಗೂಡೂ ಹೌದು. ಬೆಳಕಿಂಡಿ ಎಷ್ಟು ಎತ್ತರದಲ್ಲಿದ್ದರೆ ಗಾಳಿಯ ಸೆಳೆತ ಅಷ್ಟು ಜೋರು. ರೈಲ್ವೆ ಸ್ಟೇಷನ್ನಿನ ಚಾವಣಿ ನಾಲ್ಕಾಳು, ಐದಾಳು ಎತ್ತರದಲ್ಲಿರುತ್ತದೆ, ಅಲ್ಲಿ ಕಿಂಡಿ ಇಟ್ಟರೆ ಸೆಳೆತ ಎಷ್ಟಿದ್ದೀತು ಯೋಚಿಸಿ.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನೆಲದೊಳಗಿನ ದೊಡ್ಡ ಸ್ಟೇಷನ್ನಿಗೆ ಕ್ರಿಸ್ಟೋಫ್ ಇಂಗೆನ್‌ಹೋವನ್ ಎಂಬ ವಾಸ್ತುಶಿಲ್ಪಿ ಮಾಡಿದ ವಿನ್ಯಾಸದಲ್ಲಿ ಚಾವಣಿಯ ತುಂಬ ಇಂಥ ಕಿಂಡಿಗಳೇ. ಅವರು ಅದನ್ನು 'ಬೆಳಕಿನ ಕಣ್ಣು' ಎನ್ನುತ್ತಾರೆ. ನಮ್ಮ ಬೆಳಕಿಂಡಿಗಿಂತ ಗಾತ್ರದಲ್ಲಿ ಬಹಳ ದೊಡ್ಡದು, ಕೆಲಸ ಮಾತ್ರ ಅದೇ. ಆ ಚಾವಣಿಯ ಆಕಾರ ಹುಡುಕುವುದರಲ್ಲಿ ಫ್ರೈ ಓಟೋ ಎಂಬ ಹಿರಿಯರ ಕೈಯಿತ್ತು. ಸಾಬೂನಿನ ಪೊರೆ, ತೂಗುಬಿಟ್ಟ ಸರಪಳಿಗಳ ಜೊತೆ ಆಡುತ್ತಲೇ ಕಟ್ಟಡಗಳ ರೂಪ ಕಂಡುಕೊಂಡವರು ಅವರು.

ಸರಪಳಿಯ ಆಟವನ್ನು ನೀವೂ ಆಡಬಹುದು. ಅಕ್ಕನನ್ನು ಕೇಳಿ ಒಂದು ತೆಳುವಾದ ಸರ ತನ್ನಿ (ಕೇಳದೆ ತರಬೇಡಿ). ಎರಡು ತುದಿ ಎರಡು ಬೆರಳಲ್ಲಿ ಹಿಡಿದು ಗೋಡೆಗೆ ಅಂಟಿಸಿದ ಹಾಳೆಯ ಮುಂದೆ ತೂಗುಬಿಡಿ. ಅದು ಇಳಿಬಿದ್ದ ಗೆರೆಯನ್ನು ಗೆಳೆಯ ಪೆನ್ಸಿಲ್ಲಿನಲ್ಲಿ ಬರೆಯಲಿ. ಈಗ ಹಾಳೆಯನ್ನು ತಲೆಕೆಳಗು ಮಾಡಿ. ಕಮಾನು! ತೂಗುವಾಗ ಸರದ ಪ್ರತಿ ಕೊಂಡಿಯೂ ಪಕ್ಕದ ಕೊಂಡಿಯನ್ನು ಎಳೆಯುತ್ತಿತ್ತು, ತಲೆಕೆಳಗಾದ ಕಮಾನಿನಲ್ಲಿ ಪ್ರತಿ ಇಟ್ಟಿಗೆಯೂ ಪಕ್ಕದ್ದನ್ನು ಒತ್ತುತ್ತದೆ. ಇಟ್ಟಿಗೆಗೆ, ಕಲ್ಲಿಗೆ ಒತ್ತಡ ತಡೆಯುವುದು ಗೊತ್ತು, ಎಳೆತ ಗೊತ್ತಿಲ್ಲ. ಆದ್ದರಿಂದ ಈ ಆಕಾರದಲ್ಲಿ ಕಟ್ಟಿದರೆ ಕಡಿಮೆ ಸಿಮೆಂಟು, ಕಡಿಮೆ ಕಬ್ಬಿಣ ಸಾಕು. ಸಿಮೆಂಟು ಮಾಡಲು ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಡಬೇಕು. ಕಲ್ಲಿದ್ದಲ ಹೊಗೆ ಒಂದು ಕಡೆಯಾದರೆ, ಸುಟ್ಟ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುವುದು ಇನ್ನೊಂದು ಕಡೆ. ಉಳಿಸಿದ ಪ್ರತಿ ಚೀಲಕ್ಕೂ ಲೆಕ್ಕವಿದೆ.

ಕಮಾನಿನ ಮಾತು ಬಂದಾಗ ಹೊಳಲಿನವರಿಗೆ ಹೇಳದೆ ಬಿಡಬಾರದ ಸಂಗತಿಯೊಂದಿದೆ. ನಿಮ್ಮೂರ ಗುಡಿಯಲ್ಲಿ ಮಲಗಿರುವ ಅನಂತಶಯನನ ಕತೆ ನಿಮಗೆ ಗೊತ್ತು. ವಿಜಯನಗರದ ರಾಯ ಕರೆದಾಗ ದೇವರು ಬರುತ್ತೇನೆ ಎಂದನಂತೆ, ಹಿಂತಿರುಗಿ ನೋಡಬಾರದು ಎಂದನಂತೆ, ರಾಯನಿಗೆ ಅನುಮಾನ ಬಂದು ತಿರುಗಿ ನೋಡಿದನಂತೆ, ದೇವರು ಹೊಳಲಿನಲ್ಲೇ ಉಳಿದನಂತೆ. ಅವನಿಗಾಗಿ ಕೃಷ್ಣದೇವರಾಯ 1524ರಲ್ಲಿ ಕಟ್ಟಿಸಿದ ಗುಡಿ ಹೊಸಪೇಟೆಯ ಹತ್ತಿರ ಅನಂತಶಯನಗುಡಿಯಲ್ಲಿ ಇಂದಿಗೂ ಇದೆ. ಕತೆ ಕತೆಯ ಜಾಗದಲ್ಲಿರಲಿ, ನೀವು ಆ ಗುಡಿಯ ಶಿಖರ ನೋಡಬೇಕು. ಉದ್ದಕ್ಕೆ ಮಲಗಿದ ದೇವರಿಗೆ ಉದ್ದನೆಯ ಗರ್ಭಗುಡಿ ಬೇಕಲ್ಲ? ಅದರ ಮೇಲೆ ಎಲ್ಲ ಗುಡಿಯಂತೆ ಮೊನಚು ಗೋಪುರ ಕೂರುವುದಿಲ್ಲ. ಅದಕ್ಕೇ ಸವಾರಿ ಬಂಡಿಯ ಕಮಾನಿನಂತೆ ಬಾಗಿದ, ಇಟ್ಟಿಗೆ–ಗಾರೆಯ ಎತ್ತರದ ಶಿಖರ ಕಟ್ಟಿದರು. ಪ್ಲಾಟ್‌ಫಾರ್ಮೂ ಮಲಗಿದ ದೇವರ ಹಾಗೇ ಉದ್ದುದ್ದ. ಅದಕ್ಕೂ ಇದೇ ತೊಡಕು.

ಅಲ್ಲಿಂದ ಹೊಸಪೇಟೆ ರೈಲು ನಿಲ್ದಾಣ ದೂರವೇನಿಲ್ಲ. ಅದಕ್ಕೆ ಈಗ ಹಂಪಿಯ ಸ್ಮಾರಕಗಳನ್ನು ಹೋಲುವ ಹೊಸ ಮುಖ ಬಂದಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾದದ್ದೂ, ಹೊಸಪೇಟೆ–ಹುಬ್ಬಳ್ಳಿ–ತಿನೈಘಾಟ್ ದಾರಿಯ ವಿದ್ಯುದೀಕರಣ ಲೋಕಾರ್ಪಣೆಯಾದದ್ದೂ ಅದೇ ದಿನ. ಹೊಸ ಮುಖ ಚೆಂದವಾಗಿದೆ, ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಮಾತ್ರ ಹಂಪಿಯಿಂದ ಕಡ ತರುವುದಾದರೆ ಕಂಬದ ಕೆತ್ತನೆಗಿಂತ ಮೊದಲು ನೀರಿನ ಬುದ್ಧಿ ತರೋಣ ಅನಿಸುತ್ತದೆ. ಕಲ್ಲಿನ ಕಾಲುವೆಗಳನ್ನು ಕಂಬಗಳ ಮೇಲೆ ಹಾಯಿಸಿ ಪುಷ್ಕರಣಿಗೆ ನೀರು ತುಂಬಿದ ಊರದು.

ನೀರಿನ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಸ್ಟೇಷನ್ನಿನ ಚಾವಣಿ ಹತ್ತು ಸಾವಿರ ಚದರ ಮೀಟರ್ ಇದ್ದು, ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಂದರೆ 50 ಲಕ್ಷ ಲೀಟರ್. ನಮ್ಮದು ಮಳೆ ಕಡಿಮೆಯ ಸೀಮೆ ಎಂದು ಗೋಳಾಡುವವರು ಈ ಗುಣಾಕಾರ ಒಮ್ಮೆ ಮಾಡಲಿ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ 2022ರ ಜೂನ್ 6ರಂದು ಶುರುವಾದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಮಳೆನೀರು ಹಿಡಿಯುವ ಏರ್ಪಾಡಿದೆ, ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸಲು 4 ಲಕ್ಷ ಲೀಟರಿನ ಘಟಕವೂ ಇದೆ. ಕೆರೆ ಕಟ್ಟಿದವರ ಮೊಮ್ಮಕ್ಕಳಿಗೆ ಇದರಲ್ಲಿ ಹೊಸದೇನೂ ಕಾಣಬಾರದು.

ಇನ್ನು ಜನ. ಮೈಲಾರದ ಜಾತ್ರೆಯಲ್ಲಿ ಲಕ್ಷಗಟ್ಟಲೆ ಜನರ ನಡುವೆ ಕಾರಣಿಕ ಕೇಳಲು ನಿಂತವರಿಗೆ ಗೊತ್ತು, ಮಾಘದ ಸಂಜೆಯೂ ಬೆವರುತ್ತದೆ. ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದಾಗ ಅಷ್ಟು ಜನ ಒಮ್ಮೆಗೇ ಸುಮ್ಮನಾಗುತ್ತಾರೆ (ಯಾವ ಸ್ಟೇಷನ್ನಿನ ಮೈಕಿಗೂ ಇದು ಸಾಧ್ಯವಾಗಿಲ್ಲ), ಆದರೆ ಮೈಯ ಬಿಸಿ ಸುಮ್ಮನಾಗುವುದಿಲ್ಲ. ಸುಮ್ಮನೆ ನಿಂತ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ, ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಹತ್ತು ಸಾವಿರ ಜನ ಸೇರಿದರೆ ಹತ್ತು ಸಾವಿರ ಬಲ್ಬು ಉರಿದ ಹಾಗೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ ಚಳಿಯ ಊರು. ಅಲ್ಲಿನ ಮುಖ್ಯ ಸ್ಟೇಷನ್ನಿನಲ್ಲಿ ಪ್ರಯಾಣಿಕರ ಮೈಬಿಸಿಯನ್ನು ಗಾಳಿಯಿಂದ ಹೀರಿ ನೀರು ಕಾಯಿಸಿ, ಪಕ್ಕದ ಕಚೇರಿ ಕಟ್ಟಡವನ್ನು ಬೆಚ್ಚಗಿಡಲು ಕೊಳವೆಯಲ್ಲಿ ಕಳಿಸುತ್ತಾರೆ. ನಮಗೆ ಬೇಕಾದದ್ದು ಇದರ ತಿರುವುಮುರುವು. ಬಿಸಿಯನ್ನು ಮೇಲಿನ ಬೆಳಕಿಂಡಿಯಿಂದ ಓಡಿಸಬೇಕು, ಕೆಳಗಿನಿಂದ ತಂಪು ತರಬೇಕು.

ತಂಪು ಎಲ್ಲಿಂದ? ಇಷ್ಟು ಕೇಳಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೂತಲ್ಲಿಂದಲೇ ಹೇಳಿದಳು: "ಒದ್ದಿ ಚೀಲದಿಂದ್ರಿ."

ಅವರ ಮನೆಯಲ್ಲಿ ಮಲ್ಲಿಗೆ ತೋಟವಿದೆ. ನಸುಕಿನಲ್ಲೇ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಒದ್ದೆ ಗೋಣಿಚೀಲದೊಳಗಿಟ್ಟು ಬಸ್ಸಿಗೆ ಹಾಕುತ್ತಾರೆ. ಬಿಸಿಲೇರಿದರೂ ಚೀಲದೊಳಗೆ ಕೈ ಹಾಕಿದರೆ ತಣ್ಣಗಿರುತ್ತದೆ, ಮೊಗ್ಗು ಬಾಯಿ ಬಿಟ್ಟಿರುವುದಿಲ್ಲ. ಗೋಣಿಯ ನೀರು ಆವಿಯಾಗಲು ಶಾಖ ಬೇಕು, ಅದನ್ನು ಅದು ಚೀಲದಿಂದಲೂ ಹೂವಿನಿಂದಲೂ ಕಿತ್ತುಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಹೊತ್ತೊಯ್ಯುವ ಶಾಖ ಒಂದು ಯೂನಿಟ್ ಕರೆಂಟಿನ ಮೂರರಲ್ಲಿ ಎರಡು ಪಾಲಿನಷ್ಟು. ಸ್ಟೇಷನ್ನಿಗೆ ಗಾಳಿ ಬರುವ ದಾರಿಯಲ್ಲಿ ಒಂದು ಕೊಳ, ಒದ್ದೆಯಾದ ಜಾಲರಿ ಗೋಡೆ, ನಾಲ್ಕು ಬೇವಿನ ಮರ ಇದ್ದರೆ ಆ ಹೂವಿನ ಚೀಲವನ್ನೇ ದೊಡ್ಡದು ಮಾಡಿದ ಹಾಗೆ. ಒಂದು ಎಚ್ಚರಿಕೆ: ಈ ಉಪಾಯ ಒಣಗಾಳಿಯ ನಮ್ಮಲ್ಲಿ ನಡೆಯುತ್ತದೆ, ಮಂಗಳೂರಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಗಾಳಿಯೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ, ಇನ್ನಷ್ಟು ಆವಿಗೆ ಜಾಗವಿಲ್ಲ. ಒಂದು ಊರಿಗೆ ಒಳ್ಳೆಯದಾದ ನಕ್ಷೆ ಇನ್ನೊಂದು ಊರಿಗೆ ಒಗ್ಗದಿರುವುದು ಹೀಗೆ.

ಸೌರ ಫಲಕದ ಮಾತು ಆಡಲಿಲ್ಲವಲ್ಲ ಎಂದು ನೀವು ಕಾಯುತ್ತಿರಬಹುದು. ಬೆಲ್ಜಿಯಮ್ಮಿನಲ್ಲಿ ಪ್ಯಾರಿಸ್–ಆಮ್‌ಸ್ಟರ್‌ಡ್ಯಾಮ್ ವೇಗದ ರೈಲಿನ ದಾರಿಯಲ್ಲಿರುವ 3.6 ಕಿಲೋಮೀಟರ್ ಸುರಂಗದ ಮಾಡಿನ ಮೇಲೆ 2011ರಲ್ಲಿ 16,000 ಫಲಕ ಹೊದಿಸಿದರು. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಹಾಗಾದರೆ ಒಂದು ರೈಲು ಒಂದು ಸಲ ನಿಲ್ಲುವಾಗಿನ 500 ಯೂನಿಟ್ಟಿಗೆ ಎಷ್ಟು ಕಿಲೋವ್ಯಾಟ್ ಫಲಕ ಇಡೀ ದಿನ ದುಡಿಯಬೇಕು? ಭಾಗಿಸಿ ನೋಡಿ. ಉತ್ತರ ಬಂದ ಮೇಲೆ ಬ್ರೇಕಿನ ಡೈನಮೋಗೆ ನಾನೇಕೆ ಅಷ್ಟು ಹೊತ್ತು ಕೊಟ್ಟೆ ಎಂದು ತಿಳಿಯುತ್ತದೆ.

ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು. ಎಲ್ಲರಿಗೂ ಹಾಳೆ ಕೊಟ್ಟು, ನಿಮ್ಮ ಸ್ಟೇಷನ್ ಬರೆಯಿರಿ ಎಂದೆ. ಹಿಂದಿನ ಸಾಲಿನ ಹುಡುಗ ನಾಲ್ಕು ಹಳಿ ಎಳೆದಿದ್ದ. ನಡುವಿನ ಎರಡು ನಿಲ್ಲದೆ ಹೋಗುವ ರೈಲಿಗೆ, ಅಂಚಿನ ಎರಡು ನಿಲ್ಲುವ ರೈಲಿಗೆ, ಅಂಚಿನವುಗಳಿಗೆ ಮಾತ್ರ ಪ್ಲಾಟ್‌ಫಾರ್ಮ್. ನಾನು ಇದನ್ನು ಹೇಳಿಕೊಟ್ಟಿರಲಿಲ್ಲ. ವೇಗದ ರೈಲಿನ ಸ್ಟೇಷನ್ನುಗಳಲ್ಲಿ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ, ಓಡುವ ರೈಲಿನ ಗಾಳಿ ನಿಂತವರನ್ನು ತಾಗಬಾರದು ಎಂದು. ಹೇಗೆ ಹೊಳೆಯಿತು ಎಂದು ಕೇಳಿದರೆ, ಹಾವೇರಿ ಸ್ಟೇಷನ್ನಿನಲ್ಲಿ ಒಮ್ಮೆ ಎಕ್ಸ್‌ಪ್ರೆಸ್ ಹಾದುಹೋದಾಗ ಅಪ್ಪ ರಟ್ಟೆ ಹಿಡಿದು ಹಿಂದಕ್ಕೆ ಎಳೆದಿದ್ದರಂತೆ.

ಮಲ್ಲಿಗೆ ತೋಟದ ಹುಡುಗಿಯ ಹಾಳೆಯಲ್ಲಿ ಕಮಾನಿನ ಮಾಡು, ಮೂರು ಬೆಳಕಿಂಡಿ, ಬೇವಿನ ಮರ ಎಲ್ಲ ಇದ್ದವು. ಮರದ ಬುಡದಲ್ಲಿ, ನೆರಳಿನೊಳಗೆ, ಒಂದು ಕಟ್ಟೆ. ಇಷ್ಟು ಒಳ್ಳೆಯ ಜಾಗದಲ್ಲಿ ಯಾರು ಕೂರಬೇಕು ಎಂದು ಕೇಳಿದೆ.

"ಮಂದಿಗಲ್ರಿ ಸರ್, ಅದು ಹೂವಿನ ಚೀಲಕ್ಕ," ಎಂದು ಕಟ್ಟೆಯ ಮೇಲೆ ಒಂದು ಗಂಟು ಬರೆದು, ಅದರ ಕೆಳಗೆ ಎರಡು ಹನಿ ನೀರು ಬರೆದಳು.